ಚಿಪ್ಪಿನ ದಿಬ್ಬಕ್ಕೆ ಸದ್ದಿಲ್ಲದೆ ಬಂದ ದೋಣಿ

ಕೆಟ್ಟವನ ಕೈ ಮೇಲೆ ಊರಿನ ಕಣ್ಣೆಲ್ಲ ಇರುತ್ತದೆ. ಒಳ್ಳೆಯವರ ಕೈಯನ್ನು ಯಾರು ನೋಡುತ್ತಾರೆ? ಅವರಿಗೊಂದು ಫಲಕ ಕೊಟ್ಟು, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಚಪ್ಪಾಳೆ ತಟ್ಟಿ ಕಳಿಸಿಬಿಡುತ್ತೇವೆ. ಆಮೇಲೆ ಅವರು ಏನು ಮಾಡಿದರೂ ಅದು ಒಳ್ಳೆಯದೇ. ದೋಣಿಯಕ್ಕನಿಗೆ ಹೀಗೆ ಎರಡು ಫಲಕ ಬಂದಿದ್ದವು. ಎರಡೂ ಅವಳ ಮನೆಯ ಅಡುಗೆಕೋಣೆಯಲ್ಲಿ, ನೀರಿನ ಫಿಲ್ಟರಿನ ಮೇಲೆ, ಗೋಡೆಗೆ ಒರಗಿಕೊಂಡು ನಿಂತಿದ್ದವು.

ಅವಳಿಗೆ ಐವತ್ತೆರಡು. ಮೂರು ಕಡೆ ಗುಡ್ಡಗಳು ತಬ್ಬಿಕೊಂಡು ತಾನೇ ತಾನಾಗಿ ಆದ ಆ ಬಂದರಿನಲ್ಲಿ ಇಪ್ಪತ್ತೆರಡು ವರ್ಷದಿಂದ ಪ್ರವಾಸಿಗಳ ದೋಣಿ ಓಡಿಸುತ್ತಿದ್ದಳು. ಇಪ್ಪತ್ತು ಜನ ಕೂರುವ ನೀಲಿ ದೋಣಿ, ಮೇಲೆ ತಗಡಿನ ಸೂರು. ಬೆಳಗ್ಗೆ ಒಂಬತ್ತಕ್ಕೆ ಮೊದಲ ಸವಾರಿ ಹೊರಡುವ ಹೊತ್ತಿಗೆ ಆ ಸೂರಿನ ಮೇಲೆ ಆರೇಳು ಕಾಗೆಗಳು ಸಾಲಾಗಿ ಕೂತಿರುತ್ತಿದ್ದವು. ಪ್ರವಾಸಿಗಳಿಗೆ ಅದೊಂದು ತಮಾಷೆ. ಅವಳ ಗಂಡನಿಗಂತೂ ದಿನಾ ತಮಾಷೆ. ಅವನು ಜೆಟ್ಟಿಯ ಕೊನೆಯಲ್ಲಿ ಎಂಜಿನ್ ರಿಪೇರಿ ಮಾಡುವ ಮೆಕ್ಯಾನಿಕ್.

"ಲೇ, ನಿನ್ನ ಪ್ಯಾಸೆಂಜರ್‌ಗಿಂತ ಮೊದಲು ಇವರೇ ಹತ್ತಿ ಕೂತಿದ್ದಾರಲ್ಲೇ! ಲೈಫ್ ಜಾಕೆಟ್ ಹಾಕಿಸಿದ್ಯಾ?"

"ನೀವು ಅಳತೆ ತಗೊಂಡು ಹೊಲಿದು ಕೊಡಿ, ಹಾಕಿಸ್ತೀನಿ."

"ನನ್ನ ಅಳತೆದು ಒಂದು ಸಿಕ್ಕಿಲ್ಲ ಇಷ್ಟು ವರ್ಷದಲ್ಲಿ."

"ನಿಮ್ಮ ಹೊಟ್ಟೆ ಅಳತೆಗೆ ಜಾಕೆಟ್ ಅಲ್ಲ ರೀ, ಇನ್ನೊಂದು ದೋಣಿನೇ ಬೇಕು."

ಜೆಟ್ಟಿಯೆಲ್ಲ ನಗುತ್ತಿತ್ತು. ದೋಣಿ ಹೊರಡುತ್ತಿತ್ತು. ಕಾಗೆಗಳು ಸೂರಿನ ಮೇಲೆ ಕೂತೇ ಹೋಗುತ್ತಿದ್ದವು.

ಬಂದರಿನ ನಡುಮಧ್ಯೆ ಚಿಪ್ಪಿನ ದಿಬ್ಬವೊಂದಿದೆ. ಸಮುದ್ರ ಯಾವ ಕಾಲದಿಂದಲೋ ತಂದು ಸುರಿದ ಒಡಕು ಚಿಪ್ಪುಗಳ ರಾಶಿ ಅದು. ಅದರ ಹಿಂಬದಿಗೆ ಗೋಡೆ ಕಟ್ಟಿದ ಹಾಗೆ ಕರೀ ಬಂಡೆಯ ಸಾಲು. ವರ್ಷಕ್ಕೆ ಮೂರು ತಿಂಗಳು ಆ ದಿಬ್ಬದ ಮೇಲೆ ಬಿಳಿ ಮೈಯ, ಕಪ್ಪು ಟೊಪ್ಪಿಯ ಕಡಲಹಕ್ಕಿಗಳು ಬಂದು ಮೊಟ್ಟೆ ಇಡುತ್ತವೆ. ಗೂಡು ಅಂತೇನೂ ಕಟ್ಟುವುದಿಲ್ಲ. ಚಿಪ್ಪಿನಲ್ಲಿ ಅಂಗೈಯಷ್ಟು ಗುಳಿ ತೋಡಿಕೊಂಡರೆ ಮುಗಿಯಿತು. ಅವನ್ನು ಹತ್ತಿರದಿಂದ ತೋರಿಸುವುದೇ ದೋಣಿಯಕ್ಕನ ಹೆಚ್ಚುಗಾರಿಕೆ.

ಅವಳು ಎದುರಿನ ಬಯಲು ನೀರಿನಿಂದ ಹೋಗುತ್ತಿರಲಿಲ್ಲ. ಬಂಡೆಸಾಲಿಗೂ ಗುಡ್ಡಕ್ಕೂ ನಡುವೆ ಒಂದೇ ದೋಣಿ ಹಿಡಿಸುವ ಓಣಿಯಿದೆ, ಅದರ ಬಾಯಲ್ಲೇ ಎಂಜಿನ್ ನಿಲ್ಲಿಸಿಬಿಡುತ್ತಿದ್ದಳು. ತುಟಿ ಮೇಲೆ ಬೆರಳಿಟ್ಟು ಪ್ರಯಾಣಿಕರತ್ತ ತಿರುಗುತ್ತಿದ್ದಳು. ಆಮೇಲೆ ಬರೀ ನೀರಿನ ಸೆಳೆತ, ಚುಕ್ಕಾಣಿಯ ಮೇಲೆ ಎರಡು ಬೆರಳು. ಉಬ್ಬರದಲ್ಲಿ ಎಷ್ಟು ದೂರ ತೇಲುತ್ತದೆ, ಇಳಿತದಲ್ಲಿ ಎಷ್ಟು, ದೋಣಿ ತುಂಬಿದ್ದರೆ ಎಷ್ಟು, ಅರ್ಧ ಖಾಲಿಯಿದ್ದರೆ ಎಷ್ಟು, ಎಲ್ಲ ಅವಳ ಅಂಗೈಯಲ್ಲಿತ್ತು. ಬಂಡೆಸಾಲಿನ ಕೊನೆ ದಾಟುತ್ತಿದ್ದಂತೆ ದಿಬ್ಬ ಹತ್ತು ಮಾರು ದೂರದಲ್ಲಿ ಧುತ್ತೆಂದು ಎದುರಾಗುತ್ತಿತ್ತು. ಮರುಕ್ಷಣ ಹಕ್ಕಿಗಳೆಲ್ಲ ಒಮ್ಮೆಗೇ ಮೇಲೇಳುತ್ತಿದ್ದವು. ಬಿಳಿ ಮೋಡವೊಂದು ನೆಲದಿಂದ ಕಿತ್ತು ಬಂದ ಹಾಗೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

"ನೋಡಿ, ನಿಮ್ಮನ್ನ ಬರಮಾಡ್ಕೊಳ್ಳೋಕೆ ಎದ್ದಿದಾವೆ," ಅನ್ನುತ್ತಿದ್ದಳು ದೋಣಿಯಕ್ಕ. ಹಾಗೆಂದು ನಂಬಿಯೇ ಹೇಳುತ್ತಿದ್ದಳು.

ಈ ಮೌನದ ಹಿಂದೆ ಒಂದು ಆಮೆ ಇತ್ತು. ಅವಳು ಹನ್ನೊಂದು ವರ್ಷದವಳಿದ್ದಾಗ ಅಪ್ಪನ ದೋಣಿಯಡಿ ನೀರಲ್ಲಿ ತಿರುಗುವ ಫ್ಯಾನಿಗೆ ಸಿಕ್ಕಿದ ಆಮೆ. ಚಿಪ್ಪು ತಟ್ಟೆ ಒಡೆದ ಹಾಗೆ ಎರಡಾಗಿತ್ತು. ಅದು ತಕ್ಷಣ ಸಾಯಲಿಲ್ಲ. ಮಧ್ಯಾಹ್ನದಿಂದ ಸಂಜೆವರೆಗೆ ದೋಣಿಯ ಪಕ್ಕದಲ್ಲೇ ಕತ್ತು ಎತ್ತಿ ಎತ್ತಿ ಉಸಿರಾಡಿತು. ಅಪ್ಪ ಆ ಕಡೆ ಮುಖ ತಿರುಗಿಸಿಕೊಂಡು ಹಗ್ಗ ಸುತ್ತುತ್ತಿದ್ದ. ಅವಳು ಮಾತ್ರ ನೋಡುತ್ತ ಕೂತಿದ್ದಳು. ಅಂದಿನಿಂದ ಅವಳ ಕಿವಿಯಲ್ಲಿ ಎಂಜಿನ್ನಿನ ಸದ್ದೂ ಆ ಒಡೆದ ಚಿಪ್ಪೂ ಒಂದೇ ಆಗಿಹೋದವು. ಚುಕ್ಕಾಣಿ ತನ್ನ ಕೈಗೆ ಬಂದ ದಿನ ಅವಳು ಮಾಡಿಕೊಂಡ ಕಾನೂನು ಒಂದೇ: ಜೀವ ಇರುವ ಕಡೆ ಎಂಜಿನ್ ಬಂದ್.

ಬಂದರು ಕಚೇರಿಯವರಿಗೆ ಇದು ಬಹಳ ಹಿಡಿಸಿತು. ಖರ್ಚಿಲ್ಲದ ಪ್ರಾಣಿದಯೆ ಯಾವ ಕಚೇರಿಗೆ ಹಿಡಿಸುವುದಿಲ್ಲ? ಅವಳನ್ನು ಕರೆಸಿ, ಉಳಿದ ಹನ್ನೊಂದು ಪ್ರವಾಸಿ ದೋಣಿಯವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಎರಡು ದಿನ ತರಬೇತಿ ಕೊಡಿಸಿದರು. ಜೆಟ್ಟಿಯಲ್ಲಿ ತಗಡಿನ ಬೋರ್ಡು ನಿಂತಿತು: 'ಹಕ್ಕಿಗಳ ಬಳಿ ಎಂಜಿನ್ ನಿಲ್ಲಿಸಿ. ಮೌನವಾಗಿ ಸಾಗಿ.' ಮೂಲೆಯಲ್ಲಿ ಅವಳದೇ ಫೋಟೋ.

ಇಷ್ಟಕ್ಕೇ ನಿಂತಿದ್ದರೆ ಬೇರೆ ಮಾತು. ಅವಳು ಇನ್ನೊಂದು ಹೆಜ್ಜೆ ಮುಂದೆ ಹೋದಳು. ಅವಳ ಒಡಹುಟ್ಟಿದ ತಮ್ಮ ಮೀನುಗಾರ. ಅವನ ಹಳೇ ಡೀಸೆಲ್ ದೋಣಿಯ ಸದ್ದಿಗೆ ಊರೇ ಅವನಿಗೆ ಡಬಡಬ ಅಂತ ಹೆಸರಿಟ್ಟಿತ್ತು. ದಿಬ್ಬದ ಎದುರಿನ ಬಯಲು ನೀರಿನಲ್ಲಿ, ನೂರು ಮಾರು ದೂರದಲ್ಲಿ, ದಿನಾ ಬೆಳಗ್ಗೆ ಸಂಜೆ ಡಬಡಬ ಎನ್ನುತ್ತ ಹೋಗಿ ಬರುತ್ತಿದ್ದ. ಅಕ್ಕನಿಗೆ ಅದನ್ನು ಸಹಿಸಲಾಗಲಿಲ್ಲ. ಹೇಳಿ ನೋಡಿದಳು, ಜಗಳವಾಡಿ ನೋಡಿದಳು, ಕೊನೆಗೆ ಕಚೇರಿಗೆ ಬರೆದುಕೊಟ್ಟಳು. ಮೀನಿನ ದೋಣಿಗಳಿಗೆ ಆ ದಾರಿ ಮುಚ್ಚಿತು. ಆರು ವರ್ಷದಿಂದ ಡಬಡಬ ಹೊರಗುಡ್ಡ ಸುತ್ತಿಕೊಂಡು, ಮುಕ್ಕಾಲು ಗಂಟೆ ಹೆಚ್ಚು, ಅಲೆ ಏಳುವ ತೆರೆದ ಸಮುದ್ರದಲ್ಲಿ ಹೋಗಿಬರುತ್ತಿದ್ದ. ಆರು ವರ್ಷದಿಂದ ಅಕ್ಕನ ಮನೆ ಹೊಸಿಲು ತುಳಿದಿರಲಿಲ್ಲ. ಅಮ್ಮ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಅವನು ಬೆಳಗ್ಗೆ ಬಂದರೆ ಇವಳು ಸಂಜೆ ಬರುತ್ತಿದ್ದಳು.

ಈ ವರ್ಷ ಹೈಸ್ಕೂಲಿಗೆ ವಿಜ್ಞಾನದ ಟೀಚರೊಬ್ಬರು ವರ್ಗವಾಗಿ ಬಂದರು. ಸಣ್ಣಗೆ, ಮೆತ್ತಗೆ ಮಾತಾಡುವ ಹೆಂಗಸು. ಭಾನುವಾರ ಬಂತೆಂದರೆ ಕೊಡೆ, ದುರ್ಬೀನು, ಒಂದು ನೋಟುಬುಕ್ಕು ಹಿಡಿದು ದಿಬ್ಬಕ್ಕೆ ಎದುರಾದ ದಡದಲ್ಲಿ ಕೂರುತ್ತಿದ್ದರು. ಒಂದು ದಿನ ಜೆಟ್ಟಿಗೆ ಬಂದು ದೋಣಿಯಕ್ಕನನ್ನು ಹುಡುಕಿ ಮಾತಾಡಿಸಿದರು.

"ಅಕ್ಕ, ಒಂದು ಸಲ ನನ್ನ ಜೊತೆ ದಡದಲ್ಲಿ ಕೂತ್ಕೊಳ್ತೀರಾ?"

"ದಡದಲ್ಲೇನಿದೆ ಟೀಚರಮ್ಮ? ನನ್ನ ದೋಣಿಗೆ ಬನ್ನಿ. ರೆಕ್ಕೆ ಗಾಳಿ ಮುಖಕ್ಕೆ ಬಡಿಯೋ ಹಾಗೆ ಕರ್ಕೊಂಡು ಹೋಗ್ತೀನಿ."

"ಅದೇ ನನಗೆ ಭಯ."

"ಅಯ್ಯೋ, ಈಜು ಬರಲ್ವಾ?"

ಟೀಚರಮ್ಮ ನಗಲಿಲ್ಲ. "ಹೇಳಿದ್ರೆ ನೀವು ನಂಬಲ್ಲ. ಮೊದಲ ದಿನ ನಾನೇ ನಂಬಲಿಲ್ಲ. ಬಂದು ನೋಡಿ, ಅಷ್ಟೇ."

ಆ ಭಾನುವಾರ ದೋಣಿಯಕ್ಕನ ದೋಣಿಯನ್ನು ರಿಪೇರಿಗೆ ದಡದ ಮೇಲೆ ಎಳೆದು ನಿಲ್ಲಿಸಿದ್ದರು. ಗಂಡ ಫ್ಯಾನಿನ ಬೇರಿಂಗ್ ಬಿಚ್ಚಿ ಕೂತಿದ್ದ. ಸರಿ, ಹೋಗಿಬರೋಣ ಅಂತ ಹೊರಟಳು. ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಳು. ಕೂತ ಮೇಲೆ ಹೊಳೆಯಿತು: ಇಪ್ಪತ್ತೆರಡು ವರ್ಷದಲ್ಲಿ ಆ ದಿಬ್ಬವನ್ನು ತನ್ನ ದೋಣಿಯ ಮೂತಿಯಿಂದಲ್ಲದೆ ಬೇರೆಲ್ಲಿಂದಲೂ ನೋಡಿರಲಿಲ್ಲ.

ಮೊದಲು ಬಂದದ್ದು ಐಸ್ ಸಾಗಿಸುವ ದೋಣಿ. ಮೀನಿನವರಿಗೆ ಮುಚ್ಚಿದ ದಾರಿ ಐಸ್ ಗುತ್ತಿಗೆದಾರನಿಗೆ ಮುಚ್ಚಿರಲಿಲ್ಲ. ಗುತ್ತಿಗೆದಾರರಿಗೆ ಯಾವ ದಾರಿ ಮುಚ್ಚಿದ್ದುಂಟು? ಹೊಗೆ ಉಗುಳುತ್ತ, ಕಿವಿ ಹರಿಯುವ ಸದ್ದು ಮಾಡುತ್ತ ಅದು ಬಯಲು ನೀರಿನಲ್ಲಿ ಹಾದುಹೋಯಿತು.

"ನೋಡಿ ಟೀಚರಮ್ಮ ಈ ಕಟುಕರನ್ನ! ಆ ಜೀವಗಳಿಗೆ ಎಷ್ಟು ಹಿಂಸೆ."

"ಎಷ್ಟು ಹಕ್ಕಿ ಎದ್ದವು, ಎಣಿಸಿದ್ರಾ?"

ದೋಣಿಯಕ್ಕ ದುರ್ಬೀನು ಕಣ್ಣಿಗೆ ಒತ್ತಿಕೊಂಡಳು. ಒಂದೂ ಎದ್ದಿರಲಿಲ್ಲ. ಒಂದು ಹಕ್ಕಿ ಕಾಲು ಚಾಚಿ, ರೆಕ್ಕೆ ಸಡಿಲಿಸಿ, ಮತ್ತೆ ಹಾಗೇ ಕೂತುಕೊಂಡಿತು.

"ದೂರದಿಂದಲೇ ಕೇಳ್ಸುತ್ತೆ, ಕಾಣ್ಸುತ್ತೆ, ಒಂದೇ ದಾರಿ, ಒಂದೇ ವೇಗ. ಬಂತು, ಹೋಗುತ್ತೆ ಅಂತ ಅವಕ್ಕೆ ಗೊತ್ತು," ಎಂದರು ಟೀಚರಮ್ಮ. "ಈಗ ಆ ಓಣಿ ನೋಡ್ತಿರಿ."

ಬಂಡೆಸಾಲಿನ ಹಿಂದೆ ಏನೂ ಕೇಳಿಸುತ್ತಿರಲಿಲ್ಲ. ಆಮೇಲೆ ಬಂಡೆಯ ಕೊನೆಯಿಂದ ಒಂದು ಹಳದಿ ಮೂತಿ ಸದ್ದಿಲ್ಲದೆ ಹೊರಬಂತು. ಅದು ಬೆಣ್ಣೆಯ ದೋಣಿ, ಆ ದಿನದ ಕೊನೆಯ ಸವಾರಿ. ಬೆಣ್ಣೆ ಅವಳ ಶಿಷ್ಯರಲ್ಲೆಲ್ಲ ಗಟ್ಟಿಗ. ದೋಣಿ ನೀರಿನ ಮೇಲೆ ಬೆಣ್ಣೆ ಜಾರಿದ ಹಾಗೆ ಜಾರುತ್ತದೆ ಅಂತ ಅವಳೇ ಇಟ್ಟ ಹೆಸರು. ಒಂದು ಕ್ಷಣ ಅವಳಿಗೆ ಹೆಮ್ಮೆಯೇ ಆಯಿತು. ಎಷ್ಟು ಚೆನ್ನಾಗಿ ತಂದ ನೋಡು!

ಹಕ್ಕಿಗಳು ಎದ್ದವು. ದಡದಿಂದ ನೋಡಿದರೆ ಅದು ಮೋಡದ ಹಾಗಿರಲಿಲ್ಲ. ಮನೆಗೆ ಬೆಂಕಿ ಬಿದ್ದಾಗ ಜನ ಬಾಗಿಲಿಗೆ ನುಗ್ಗುವ ಹಾಗಿತ್ತು. ಒಂದರ ಮೇಲೊಂದು ಬಿದ್ದು, ಕಾಲಿಗೆ ಸಿಕ್ಕ ಚಿಪ್ಪುಗಳು ಚಿಮ್ಮಿ, ಚೀರಾಟ. ನೀರಿನ ಮೇಲಿಂದ ಚಪ್ಪಾಳೆ ತೇಲಿಬಂತು.

"ಈಗ ಸೂರು ನೋಡಿ," ಎಂದರು ಟೀಚರಮ್ಮ.

ಬೆಣ್ಣೆಯ ದೋಣಿಯ ಸೂರಿನಿಂದ ಕಾಗೆಗಳು ಇಳಿದವು. ಅವಸರವೇ ಇಲ್ಲ. ರೆಕ್ಕೆಯ ನಾಲ್ಕು ಬೀಸಿಗೆ ದಿಬ್ಬ ಸೇರಿ ನಡೆಯತೊಡಗಿದವು. ಸಂತೆಯಲ್ಲಿ ತರಕಾರಿ ಆರಿಸುವ ಹಾಗೆ ಗುಳಿಯಿಂದ ಗುಳಿಗೆ. ಚಿಪ್ಪಿನದೇ ಬಣ್ಣದ ಮರಿಗಳು, ಹತ್ತಿಯುಂಡೆಯಷ್ಟು ಗಾತ್ರ, ಅಮ್ಮ ಏಳುತ್ತಿದ್ದಂತೆ ಅಲ್ಲಾಡದೆ ನೆಲಕ್ಕೆ ಅಂಟಿಕೊಂಡಿದ್ದವು. ಅಲ್ಲಾಡದಿರುವುದೊಂದೇ ಅವಕ್ಕೆ ಗೊತ್ತಿದ್ದ ವಿದ್ಯೆ. ಕಾಗೆ ಒಂದನ್ನು ಕೊಕ್ಕಿನಿಂದ ಎತ್ತಿಕೊಂಡಿತು. ಇನ್ನೊಂದನ್ನು ಎತ್ತಿಕೊಂಡಿತು. ಮೇಲೆ ತಾಯಂದಿರು ಸುತ್ತುತ್ತಿದ್ದರು. ದೋಣಿ ಅಲ್ಲೇ ಇತ್ತು, ಕೆಳಗಿಳಿಯಲು ಧೈರ್ಯವಿಲ್ಲ. ದೋಣಿಯಲ್ಲಿದ್ದವರೆಲ್ಲ ಮೊಬೈಲು ಎತ್ತಿ ಆಕಾಶ ನೋಡುತ್ತಿದ್ದರು. ನೆಲ ನೋಡಿದವರು ಒಬ್ಬರೂ ಇಲ್ಲ.

ನಾಲ್ಕೂವರೆ ನಿಮಿಷ. ಟೀಚರಮ್ಮನ ಕೈಗಡಿಯಾರದಲ್ಲಿ ಬರೀ ನಾಲ್ಕೂವರೆ ನಿಮಿಷ. ದೋಣಿ ತೇಲಿಹೋಯಿತು, ಹಕ್ಕಿಗಳು ಇಳಿದವು. ಒಂದು ಹಕ್ಕಿ ತನ್ನ ಗುಳಿಗೆ ಬಂತು. ಗುಳಿ ಖಾಲಿ. ಅದು ಒಮ್ಮೆ ಆಚೀಚೆ ನೋಡಿ, ಮೈ ಅರಳಿಸಿಕೊಂಡು, ಆ ಖಾಲಿ ಗುಳಿಯ ಮೇಲೇ ಕಾವು ಕೂತಿತು.

ದೋಣಿಯಕ್ಕ ದುರ್ಬೀನು ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು, ಮತ್ತೆ ಇಟ್ಟಳು.

"ಕಾಗೆಗಳು..." ಎಂದಳು.

"ಈ ಮೂರು ತಿಂಗಳು ಮಾತ್ರ ಸೂರಿನ ಮೇಲೆ ಕೂರ್ತವಲ್ವಾ ಅಕ್ಕ? ಉಳಿದ ದಿನ ಕೂರ್ತವಾ?"

ಕೂರುತ್ತಿರಲಿಲ್ಲ. ಅವಳಿಗೆ ಗೊತ್ತಿತ್ತು. ಯಾಕೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

"ತಾವಾಗೇ ಬಂದ್ರೆ ಹಕ್ಕಿಗಳೆಲ್ಲ ಸೇರಿ ಕುಕ್ಕಿ ಓಡಿಸ್ತವೆ. ಅದಕ್ಕೇ ದೋಣಿ ಜೊತೆ ಬರ್ತವೆ." ಟೀಚರಮ್ಮ ನೋಟುಬುಕ್ಕು ತೆರೆದರು. "ಹನ್ನೆರಡು ದೋಣಿ, ದಿನಕ್ಕೆ ಎರಡೆರಡು ಸವಾರಿ. ನಾನು ಬಂದಾಗ ಇನ್ನೂರ ಆರು ಗೂಡು ಇದ್ದವು, ಗೂಡಿಗೊಂದು ಮೊಟ್ಟೆ. ಈ ದೋಣಿಗೆ ಮೊದಲು ನಲವತ್ತೊಂದು. ಈಗ ಮೂವತ್ತೆಂಟು."

"ಮುಂದಿನ ವರ್ಷ ಮತ್ತೆ ಬರ್ತವಲ್ಲ?"

"ಮರಿ ಹಾರದ ಜಾಗಕ್ಕೆ ಎಷ್ಟು ವರ್ಷ ಅಂತ ಬರ್ತವೆ ಅಕ್ಕ? ಈ ಮೂವತ್ತೆಂಟೂ ಹೋದ್ರೆ, ನನಗನ್ಸುತ್ತೆ, ಇನ್ನು ಬರಲ್ಲ. ಮೂರು ವಾರ ಯಾರೂ ಆ ಓಣಿಗೆ ಬರದಿದ್ರೆ ಇವು ಹಾರ್ತವೆ."

ಮನೆಗೆ ಬಂದವಳು ಅಡುಗೆಕೋಣೆಯ ನೆಲದ ಮೇಲೆ ಕೂತುಬಿಟ್ಟಳು. ಗಂಡ ಕೈಯ ಗ್ರೀಸು ಒರೆಸಿಕೊಳ್ಳುತ್ತ ಒಳಗೆ ಬಂದು, "ಏನೇ, ಬೇರಿಂಗ್ ನನ್ನದು ಹೋಗಿದೆಯೋ ನಿನ್ನದೋ?" ಅಂದ. ಅವಳು ತಲೆ ಎತ್ತಲಿಲ್ಲ. ನೋಡಿದ್ದನ್ನೆಲ್ಲ ಹೇಳಿದಳು. ಅವನ ನಗು ಅರ್ಧಕ್ಕೇ ನಿಂತಿತು.

"ನಿನಗೆ ಗೊತ್ತಿರಲಿಲ್ಲ ಕಣೇ. ಗೊತ್ತಿಲ್ದೆ ಆಗಿದ್ದು."

"ನಾನು ಕಾಗೆಗಳನ್ನ ಬಾಗಿಲವರೆಗೂ ದೋಣೀಲಿ ಕರ್ಕೊಂಡು ಹೋಗಿ ಇಳಿಸಿದೀನಿ ರೀ. ಬಾಗಿಲು ತೆಗೆದುಕೊಟ್ಟಿದೀನಿ. ಗೊತ್ತಿಲ್ಲ ಅಂದ್ರೆ ಆ ಮರಿಗಳು ವಾಪಸ್ ಬರ್ತವಾ?"

ಗಂಡ ಅವಳ ಪಕ್ಕದಲ್ಲಿ ನೆಲಕ್ಕೆ ಕೂತ.

ಸೋಮವಾರ ಎಂಟಕ್ಕೆ ಕಚೇರಿ ಬಾಗಿಲು ತೆಗೆಯುವ ಮೊದಲೇ ಅವಳು ಮೆಟ್ಟಿಲ ಮೇಲಿದ್ದಳು. ಅಧಿಕಾರಿ ಪೂರ್ತಿ ಕೇಳಿಸಿಕೊಂಡರು. ಕೇಳಿಸಿಕೊಳ್ಳುವುದರಲ್ಲಿ ಆ ಕಚೇರಿಯನ್ನು ಮೀರಿಸಿದವರಿಲ್ಲ.

"ನೋಡಿಯಮ್ಮ, ಬೋರ್ಡು ಬರೆಸಿ ಆಗಿದೆ. ಮೌನವಾಗಿ ಸಾಗಿ ಅಂತ ನಾವೇ ಹೇಳಿ, ಈಗ ನಾವೇ ಸದ್ದು ಮಾಡಿ ಅನ್ನೋಕಾಗುತ್ತಾ? ಮೇಲಿನವರು ನಗ್ತಾರೆ."

"ನಗಲಿ ಸಾರ್. ಮೂರು ವಾರ ಆ ಕಡೆ ದೋಣಿ ನಿಲ್ಲಿಸಿ ಸಾಕು."

"ನಿಲ್ಲಿಸಬೇಕಾದ್ರೆ ಸಮಿತಿ ಕೂರಬೇಕು. ಸಮಿತಿ ಕೂರೋದು ತಿಂಗಳ ಕೊನೇಲಿ. ಅಷ್ಟಕ್ಕೂ ಆ ಬೋರ್ಡಲ್ಲಿರೋದು ನಿಮ್ಮದೇ ಫೋಟೋ ಅಲ್ವೇನಮ್ಮ?"

ಈ ಕೊನೆಯ ಮಾತು ಮುಖಕ್ಕೆ ಹೊಡೆದ ಹಾಗಾಯಿತು. ಸಮಿತಿ ಕೂರುವಷ್ಟರಲ್ಲಿ ದಿಬ್ಬದ ಮೇಲೆ ಕೂರಲು ಏನೂ ಉಳಿದಿರುವುದಿಲ್ಲ ಎಂದು ಆ ಮನುಷ್ಯನಿಗೆ ಅರ್ಥವಾಗಿತ್ತು. ಅರ್ಥವಾಗಿಯೂ ಫೈಲು ಮುಚ್ಚಿದ. ಇಂಥವರನ್ನು ಕ್ರೂರಿಗಳು ಎಂದು ನಾವು ಯಾಕೆ ಕರೆಯುವುದಿಲ್ಲವೋ! ಮೆತ್ತಗೆ ಮಾತಾಡುತ್ತಾರೆ ಅಂತಲೇ?

ಜೆಟ್ಟಿಯಲ್ಲಿ ಹನ್ನೊಂದು ದೋಣಿಯವರನ್ನು ಸೇರಿಸಿ, ತಾನು ಕಲಿಸಿದ್ದೆಲ್ಲ ತಪ್ಪು ಎಂದಳು. ಬೆಣ್ಣೆ ಹಲ್ಲು ಕಿರಿದ.

"ಅಕ್ಕ, ಹತ್ತು ವರ್ಷ ಸದ್ದು ಮಾಡಬೇಡ ಸದ್ದು ಮಾಡಬೇಡ ಅಂತ ಕಿವಿ ಹಿಂಡಿದ್ರಿ. ಮನೇಲಿ ನಾನು ಗೊರಕೆನೂ ಮೆತ್ತಗೆ ಹೊಡೀತೀನಿ. ಈಗ ಸದ್ದು ಮಾಡು ಅಂದ್ರೆ ಹೆಂಗೆ?"

ನಗು ಎದ್ದಿತು. "ಅಕ್ಕಂಗೆ ಬಿಸಿಲು ತಲೆಗೇರಿದೆ," ಎಂದ ಹಿಂದಿನಿಂದ ಒಬ್ಬ. "ಟೀಚರಮ್ಮಂಗೆ ರಜೆ ಬೇಕಾದ್ರೆ ತಗೊಳ್ಳಲಿ, ನಮಗ್ಯಾಕೆ ಕೊಡಿಸ್ತಾರೆ?" ಎಂದ ಇನ್ನೊಬ್ಬ.

"ಒಂದೇ ಒಂದು ಸಲ ದಡದಲ್ಲಿ ಕೂತು ನೋಡ್ರೋ."

"ನೋಡೋಕೆ ಏನಿದೆ ಅಕ್ಕ? ನೀವು ಹೇಳಿಕೊಟ್ಟಿದ್ದನ್ನೇ ಮಾಡ್ತಿದೀವಿ. ತಪ್ಪಿದ್ರೆ ನಿಮ್ಮದು."

ಅದು ನಿಜವೇ ಆಗಿತ್ತು. ಒಂಬತ್ತೂವರೆಗೆ ಹನ್ನೊಂದು ದೋಣಿಗಳೂ ಹೊರಟವು. ರಿಪೇರಿ ಮುಗಿದು ನೀರಿಗಿಳಿದಿದ್ದ ಅವಳ ದೋಣಿ ಮಾತ್ರ ಕಟ್ಟಿಹಾಕಿತ್ತು. ಅದರ ಸೂರಿನ ಕಾಗೆಗಳು ಸ್ವಲ್ಪ ಹೊತ್ತು ಕಾದು ನೋಡಿ, ಪಕ್ಕದ ದೋಣಿಗೆ ಹೋಗಿ ಕೂತವು.

ಅವಳು ಲೆಕ್ಕ ಹಾಕಿದಳು. ದಿಬ್ಬಕ್ಕೆ ದಾರಿ ಎರಡು. ಹಿಂದಿನ ಓಣಿಯನ್ನು ತನ್ನ ದೋಣಿ ಅಡ್ಡ ನಿಲ್ಲಿಸಿ ಮುಚ್ಚಬಹುದು. ಆದರೆ ಓಣಿ ಮುಚ್ಚಿದರೆ ಇವರು ಎದುರಿನ ಬಯಲು ನೀರಿನಿಂದ ನೇರ ದಿಬ್ಬಕ್ಕೇ ನುಗ್ಗುತ್ತಾರೆ. ಅಲ್ಲಿಗೆ ಇನ್ನೊಂದು ದೋಣಿ ಬೇಕು. ಆ ನೀರನ್ನು ಬಲ್ಲವನು, ಯಾರಿಗೂ ಹೆದರದವನು ಊರಲ್ಲಿ ಒಬ್ಬನೇ ಇದ್ದ.

ಡಬಡಬನ ಮನೆಯ ಮುಂದೆ ಬಲೆ ಹರಡಿತ್ತು. ಅವನು ಹರಿದ ಕಣ್ಣುಗಳಿಗೆ ದಾರ ಹಾಕುತ್ತ ಕೂತಿದ್ದ. ಅಕ್ಕ ಬಂದದ್ದು ಕಂಡರೂ ಸೂಜಿ ನಿಲ್ಲಿಸಲಿಲ್ಲ.

"ದಾರಿ ತಪ್ಪಿ ಬಂದ್ಯಾ? ಇಲ್ಲಿ ಸದ್ದು ಜಾಸ್ತಿ."

ಅವಳು ಬಲೆಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತಳು. ದಡದಲ್ಲಿ ನೋಡಿದ್ದನ್ನು, ಕಾಗೆಗಳನ್ನು, ಖಾಲಿ ಗುಳಿಯ ಮೇಲೆ ಕೂತ ಹಕ್ಕಿಯನ್ನು ಒಂದೊಂದಾಗಿ ಹೇಳಿದಳು. ಅವನು ಅಚ್ಚರಿಪಡಲಿಲ್ಲ. ಅದೇ ಅವಳಿಗೆ ಭಯ ಹುಟ್ಟಿಸಿತು.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ನಿನಗೆ ಹೇಳಿದ್ದೆ."

"ಯಾವಾಗ ಹೇಳ್ದೆ?"

"ನೀನು ಕಚೇರಿಗೆ ಬರೆದುಕೊಟ್ಟ ದಿನ. ಜೆಟ್ಟೀಲಿ, ಎಲ್ಲರ ಎದುರಿಗೆ. ನನ್ನ ಸದ್ದಿಗೆ ಒಂದು ಹಕ್ಕಿನೂ ಏಳಲ್ಲ ಅಕ್ಕ, ನಿನ್ನ ದೋಣಿ ಬಂದಾಗ ಮಾತ್ರ ಏಳ್ತವೆ, ಕಾಗೆ ಇಳೀತವೆ ಅಂದೆ. ನೀನೇನು ಅಂದೆ?"

ಅವಳಿಗೆ ನೆನಪಾಯಿತು. 'ನಿನಗೆ ಹೊಟ್ಟೆಕಿಚ್ಚು ಕಣೋ' ಅಂದಿದ್ದಳು. ಜನ ನಕ್ಕಿದ್ದರು. ಅವನು ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು, ಪ್ರತಿ ಅಕ್ಷರವೂ ಬಿದ್ದಿತ್ತು. ಆದರೆ ಮೀನು ಹಿಡಿಯುವವನು, ಎಣ್ಣೆ ಮೈಯವನು, ಗಲಾಟೆಯವನು. ಅವನಿಗೆ ಹಕ್ಕಿಯ ವಿಷಯ ಏನು ಗೊತ್ತು ಅಂದುಕೊಂಡಳು. ಅದನ್ನೇ ಟೀಚರೊಬ್ಬರು ನೋಟುಬುಕ್ಕು ಹಿಡಿದು ಹೇಳಿದಾಗ ನಂಬಿದಳು. ದಿನಾ ಎರಡು ಸಲ ಆ ದಿಬ್ಬವನ್ನು ಹೊರಗಿನಿಂದ ನೋಡುತ್ತಿದ್ದ ಒಬ್ಬನೇ ಒಬ್ಬ ಸಾಕ್ಷಿಯನ್ನು ಹಿಡಿದು ಊರಾಚೆ ಅಟ್ಟಿದ್ದಳು. ಆರು ವರ್ಷ. ದಡದಲ್ಲಿ ಕಂಡದ್ದಕ್ಕಿಂತ ಇದು ಅವಳನ್ನು ಹೆಚ್ಚು ಅಲ್ಲಾಡಿಸಿತು. ಅಲ್ಲಿ ತಿಳಿಯದೆ ಮಾಡಿದ್ದಳು. ಇಲ್ಲಿ ತಿಳಿಸಿದರೂ ತಿಳಿದುಕೊಳ್ಳದೆ ಮಾಡಿದ್ದಳು.

"ತಪ್ಪಾಯ್ತು ಕಣೋ," ಎಂದಳು.

ಅವನು ದಾರ ಹಲ್ಲಿನಿಂದ ಕಡಿದ. "ಹೊರಗುಡ್ಡದ ಹತ್ತಿರ ಹೋದ ವರ್ಷ ಅಲೆ ನನ್ನ ದೋಣಿ ಎತ್ತಿ ಒಗೀತು. ನನ್ನ ಹೆಂಡತಿ ದಡದಲ್ಲಿ ನಿಂತು ನೋಡ್ತಿದ್ಲು. ನಿನಗೆ ಯಾರೂ ಹೇಳಿಲ್ವಾ?"

ಹೇಳಿರಲಿಲ್ಲ. ಅವಳು ಕೇಳಿರಲೂ ಇಲ್ಲ.

"ನೀನು ನನಗೆ ಬೈಯಿ. ಇಲ್ಲೇ ಕೂತಿರ್ತೀನಿ, ಎಷ್ಟು ಬೇಕಾದ್ರೂ ಬೈಯಿ. ಆದ್ರೆ ನಾಳೆ ಬೆಳಗ್ಗೆ ಆ ಬಯಲು ನೀರಲ್ಲಿ ನಿಲ್ಲು. ಮೂವತ್ತೆಂಟು ಇದಾವೆ ಕಣೋ. ಇವತ್ತು ಹನ್ನೊಂದು ದೋಣಿ ಹೋಗಿವೆ, ಇನ್ನೆಷ್ಟು ಉಳಿದಿದಾವೋ!"

ಅವನು ಸೂಜಿ ಕೆಳಗಿಟ್ಟ. "ಬೈಯೋದು ಬಾಕಿ ಇರಲಿ," ಎಂದು ಎದ್ದು ಹೋಗಿ, ದಪ್ಪ ಹಗ್ಗದ ಸುರುಳಿಯೊಂದನ್ನು ಎಳೆದು ತಂದು ಅಂಗಳದಲ್ಲಿ ಹಾಕಿದ.

ಮರುದಿನ ಎಂಟಕ್ಕೇ ಅವಳು ಓಣಿಯ ಬಾಯಿಗೆ ದೋಣಿ ತಂದು ಅಡ್ಡ ನಿಲ್ಲಿಸಿ, ಮುಂದೊಂದು ಹಿಂದೊಂದು ಲಂಗರು ಇಳಿಸಿದಳು. ಎದುರಿನ ಬಯಲು ನೀರಿನಲ್ಲಿ ಡಬಡಬ ಸದ್ದು ಆರು ವರ್ಷದ ಮೇಲೆ ಮತ್ತೆ ಕೇಳಿಸಿತು. ಅವನು ದಿಬ್ಬದಿಂದ ನೂರು ಮಾರು ದೂರಕ್ಕೆ, ಖಾಲಿ ಡಬ್ಬಗಳನ್ನು ತೇಲಿಬಿಟ್ಟು ಹಗ್ಗ ಬಿಗಿಯುತ್ತಿದ್ದ. ಫ್ಯಾನಿಗೆ ಹಗ್ಗ ಸುತ್ತಿಕೊಂಡರೆ ದಿನ ಮುಗಿಯಿತೆಂದು ಯಾವ ದೋಣಿಯವನಿಗೆ ಗೊತ್ತಿಲ್ಲ? ಅದನ್ನು ದಾಟುವ ಧೈರ್ಯ ಯಾರೂ ಮಾಡುವುದಿಲ್ಲ.

ಒಂಬತ್ತೂಕಾಲಿಗೆ ಬೆಣ್ಣೆ ಬಂದ. ಹೊರಗಿನ ತಿರುವಿನಲ್ಲೇ ಎಂಜಿನ್ ನಿಲ್ಲಿಸಿದ್ದ, ಅವಳು ಕಲಿಸಿದ್ದಕ್ಕಿಂತಲೂ ಮೊದಲೇ. ತಿರುಗಿದವನಿಗೆ ಎದುರಿಗೆ ನೀಲಿ ದೋಣಿಯ ಮಗ್ಗುಲು ಕಂಡಿತು. ಉಬ್ಬರ ಜೋರಿತ್ತು. ಎಂಜಿನ್ ನಿಂತ ದೋಣಿಗೆ ನಿಲ್ಲುವ ಉಪಾಯವಿಲ್ಲ. ಅದೂ ಅವಳ ವಿದ್ಯೆಯೇ. ಇಪ್ಪತ್ತು ಜನ ತುಂಬಿದ ದೋಣಿ ಸದ್ದಿಲ್ಲದೆ ಅವಳ ಮೈಮೇಲೇ ಬರುತ್ತಿತ್ತು. ಎದುರಾದ ದೋಣಿ ಹಕ್ಕಿಗಳಿಗೆ ಹೇಗೆ ಕಾಣುತ್ತಿತ್ತೆಂದು ಮೊದಲ ಸಲ ಅವಳಿಗೆ ಕಂಡಿತು. ಕಿವಿಗೆ ಏನೂ ಕೇಳಿಸದೆ, ಒಮ್ಮೆಗೇ, ಕಣ್ಣ ತುಂಬ.

"ಎಂಜಿನ್ ಹಾಕೋ!" ಎಂದು ಕಿರುಚಿದಳು. "ಹಿಂದಕ್ಕೆ ತಗೊಳ್ಳೋ ಬೆಣ್ಣೆ!"

ಅವನು ತಡಕಾಡಿದ. ಎಂಜಿನ್ ಒಮ್ಮೆ ಕೆಮ್ಮಿ ನಿಂತಿತು, ಮತ್ತೆ ಕೆಮ್ಮಿತು, ಹಿಡಿಯಿತು. ಎರಡು ದೋಣಿಗಳ ನಡುವೆ ಒಂದು ಮೊಳ ನೀರು ಉಳಿದಿತ್ತು. ಪ್ರವಾಸಿಗಳು ಬಾಯಿಗೆ ಬಂದ ಹಾಗೆ ಬೈಯತೊಡಗಿದರು. ಕಾಗೆಗಳು ಸೂರಿನಿಂದೆದ್ದು ಬಂಡೆಸಾಲಿನಾಚೆ ಹಾರಿದವು. ಅಲ್ಲಿ ಅವುಗಳಿಗಾಗಿ ಯಾರೂ ಮನೆ ಖಾಲಿ ಮಾಡಿಕೊಟ್ಟಿರಲಿಲ್ಲ. ಬಿಳಿ ಹಕ್ಕಿಗಳು ಒಟ್ಟಾಗಿ ಕುಕ್ಕಿ ಅಟ್ಟಿದ ಚೀರಾಟ ಓಣಿಯವರೆಗೂ ಕೇಳಿಸಿತು. ಕಾಗೆಗಳು ವಾಪಸು ಬಂದು ಬಂಡೆಯ ತುದಿಯಲ್ಲಿ ಗಂಟುಮುಖ ಹಾಕಿಕೊಂಡು ಕೂತವು. ಬೆಣ್ಣೆ ಅದನ್ನೇ ನೋಡುತ್ತಿದ್ದ. ಬೈಗುಳ ಅವನ ಕಿವಿಗೆ ಬೀಳುತ್ತಿರಲಿಲ್ಲ.

"ಅಕ್ಕ," ಎಂದ ಕೊನೆಗೆ, "ಇವು ದಿನಾ ನನ್ನ ಸೂರಿನ ಮೇಲೆ..." ದೋಣಿ ಹಿಂದಕ್ಕೆ ತಿರುಗಿಸಿ, ಡಬ್ಬದ ಸಾಲಿನ ಕಡೆ ಹೋದ. ಅಲ್ಲಿಂದ ಅವನ ಪ್ರಯಾಣಿಕರು ಎದ್ದು ನಿಂತು, ಕೂತಲ್ಲೇ ಕೂತ ಹಕ್ಕಿಗಳನ್ನು ನೋಡಿದರು. ಕೆಲವರು, ಏನೂ ಆಗ್ತಾನೇ ಇಲ್ವಲ್ಲ ಅಂತ ಗೊಣಗಿದರು.

ಎಲ್ಲರೂ ಬೆಣ್ಣೆಯಂತಿರಲಿಲ್ಲ. ಇಬ್ಬರು ಕಚೇರಿಗೆ ದೂರು ಕೊಟ್ಟರು. ಸಮಿತಿಗೆ ತಿಂಗಳ ಕೊನೆಯಾಗಬೇಕಿತ್ತು. ನೋಟಿಸಿಗೆ ಎರಡೇ ದಿನ ಸಾಕಾಯಿತು. 'ಜಲಮಾರ್ಗಕ್ಕೆ ಅಡ್ಡಿ' ಎಂದು ಅವಳ ಲೈಸೆನ್ಸು ಅಮಾನತಾಯಿತು. ದೋಣಿ ಓಡಿಸುವ ಹಾಗಿಲ್ಲ ಎಂದು ಅದರಲ್ಲಿತ್ತು. ಅವಳು ಓಡಿಸುತ್ತಿರಲೂ ಇಲ್ಲ, ನಿಲ್ಲಿಸಿಕೊಂಡಿದ್ದಳು. ಗಂಡ ದಿನಾ ಮಧ್ಯಾಹ್ನ ಯಾವುದಾದರೊಂದು ದೋಣಿ ಹತ್ತಿ ಬಂದು ಊಟದ ಡಬ್ಬಿ ಕೊಟ್ಟು ಹೋಗುತ್ತಿದ್ದ.

ಇಪ್ಪತ್ತಮೂರನೆಯ ದಿನ ಟೀಚರಮ್ಮ ಡಬಡಬನ ದೋಣಿಯಲ್ಲಿ ಬಂದರು. ಮೂವತ್ತೆಂಟರಲ್ಲಿ ಒಂಬತ್ತು ಆ ಸೋಮವಾರವೇ ಹೋಗಿದ್ದವು. ಉಳಿದ ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತಾರು ಹಾರಿದ್ದವು.

"ಇಪ್ಪತ್ತಾರು ಅಕ್ಕ!" ಎಂದರು. ಅವರ ಕಣ್ಣಲ್ಲಿ ನೀರಿತ್ತು.

ದೋಣಿಯಕ್ಕ ತಲೆಯಾಡಿಸಿದಳು. ಅವಳು ಬೇರೆ ಲೆಕ್ಕದಲ್ಲಿದ್ದಳು. ದಿನಕ್ಕೆ ಎರಡು ಸವಾರಿ, ವರ್ಷಕ್ಕೆ ತೊಂಬತ್ತು ದಿನ. ತಾನೊಬ್ಬಳೇ ಇದ್ದ ವರ್ಷಗಳು ಇಷ್ಟು, ಹನ್ನೆರಡು ದೋಣಿಯಾದ ಮೇಲಿನ ವರ್ಷಗಳು ಇಷ್ಟು. ಸವಾರಿಗೆ ಒಂದೇ ಅಂತಿಟ್ಟುಕೊಂಡರೂ. ಬೆರಳು ಮಡಚುತ್ತ ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಕೈ ನಿಂತುಹೋಗುತ್ತಿತ್ತು. ಮತ್ತೆ ಮೊದಲಿಂದ ಶುರು ಮಾಡುತ್ತಿದ್ದಳು.

"ಇನ್ನು ಸಾಕು, ಲಂಗರು ಎತ್ತು," ಎಂದ ತಮ್ಮ. "ಉಳಿದ ದೊಡ್ಡವೂ ಹೊರಡ್ತಿದಾವೆ. ಮನೆಗೆ ಹೋಗೋಣ ಬಾ."

"ಇಪ್ಪತ್ತೊಂಬತ್ತರಲ್ಲಿ ಇಪ್ಪತ್ತಾರು ಅಂದ್ರಿ. ಉಳಿದವು?"

ಟೀಚರಮ್ಮ ನೋಟುಬುಕ್ಕು ನೋಡಿದರು. "ಎರಡು ಬಿಸಿಲಿಗೆ ಹೋದವು ಅಕ್ಕ. ಅದು ಯಾರ ತಪ್ಪೂ ಅಲ್ಲ. ಒಂದು ಇದೆ, ತಡವಾಗಿ ಒಡೆದದ್ದು. ಅದಕ್ಕಿನ್ನೂ ರೆಕ್ಕೆ ಬಲಿತಿಲ್ಲ. ನಾಲ್ಕೈದು ದಿನ ಬೇಕೇನೋ."

ದೋಣಿಯಕ್ಕ ಎದ್ದು ಹಿಂದಿನ ಲಂಗರಿನ ಹಗ್ಗ ಎಳೆದು ನೋಡಿದಳು. ಸ್ವಲ್ಪ ಸಡಿಲಾಗಿತ್ತು. ಬಿಗಿದು ಕಟ್ಟಿದಳು.

"ನೀವು ಹೊರಡಿ," ಎಂದಳು.